ಬರಿಗಾಲಿನ ಶಾಸಕರು: ರಾಬರ್ಟ್ ಸ್ಮಾಲ್ಸ್‌ನ ಚರಿತ್ರೆ

1915ರ ಫೆಬ್ರವರಿ 8ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಸಿನಿಮಾ ತೆರೆ ಕಂಡಿತು. ಗ್ರಿಫಿತ್ ಎಂಬಾತ ತೆಗೆದ 'ದಿ ಬರ್ತ್ ಆಫ್ ಎ ನೇಷನ್'. ಸಿನಿಮಾದ ಚರಿತ್ರೆ ಬರೆಯುವವರು ಈಗಲೂ ಅದರ ತಂತ್ರವನ್ನು ಹೊಗಳುತ್ತಾರೆ. ಹೊಗಳಲಿ. ನಾವು ನೋಡಬೇಕಾದ್ದು ಅದರಲ್ಲಿರುವ ಒಂದು ದೃಶ್ಯವನ್ನು. ಗುಲಾಮಗಿರಿ ಹೋದ ಮೇಲಿನ ಕಾಲ, ದಕ್ಷಿಣ ಕೆರೊಲಿನಾ ರಾಜ್ಯದ ಶಾಸನಸಭೆ. ಕಪ್ಪು ಶಾಸಕನೊಬ್ಬ ಬೂಟು ಕಳಚಿ ಬರಿಗಾಲನ್ನು ಮೇಜಿನ ಮೇಲೆ ಚಾಚಿದ್ದಾನೆ. ಇನ್ನೊಬ್ಬ ಸೀಸೆ ಎತ್ತುತ್ತಾನೆ. ಮತ್ತೊಬ್ಬ ಕೂತಲ್ಲೇ ತಿನ್ನುತ್ತಿದ್ದಾನೆ. ಇಂಥೋರ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಆಗೋದು ಅಂತ ಆ ಮೂಕಿ ಸಿನಿಮಾ ಕೂಗಿ ಹೇಳುತ್ತದೆ. ಫೆಬ್ರವರಿ 18ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಅದನ್ನು ಶ್ವೇತಭವನದಲ್ಲೇ ಹಾಕಿಸಿ ನೋಡಿದ.

ಅದಾಗಿ ಐದನೆಯ ದಿನ, ಫೆಬ್ರವರಿ 23ರಂದು, ಅದೇ ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಎಂಬ ಸಣ್ಣ ಬಂದರಿನ ಊರಿನಲ್ಲಿ ಎಪ್ಪತ್ತೈದು ವರ್ಷದ ಮುದುಕನೊಬ್ಬ ತೀರಿಕೊಂಡ. ಹೆಸರು ರಾಬರ್ಟ್ ಸ್ಮಾಲ್ಸ್. ಸಿನಿಮಾದಲ್ಲಿ ತೋರಿಸಿದ ಆ ಶಾಸನಸಭೆಯಲ್ಲಿ ನಿಜವಾಗಿಯೂ ಕೂತಿದ್ದವನು ಇವನು. ಹುಟ್ಟಿದ್ದು ಗುಲಾಮನಾಗಿ. ಸತ್ತದ್ದು ತನ್ನ ಧಣಿಯದಾಗಿದ್ದ ಮನೆಯಲ್ಲಿ, ಆ ಮನೆಯ ಮಾಲೀಕನಾಗಿ. ನಡುವೆ ಹಡಗಿನ ಕ್ಯಾಪ್ಟನ್, ಅಂಗಡಿಯ ಮಾಲೀಕ, ಪತ್ರಿಕೆಯ ಪ್ರಕಾಶಕ, ರೈಲು ಕಂಪನಿಯ ಪಾಲುದಾರ, ರಾಜ್ಯದ ಶಾಸಕ, ದೇಶದ ಕಾಂಗ್ರೆಸ್ ಸದಸ್ಯ, ಮೂರು ದಿನದ ಜೈಲುವಾಸಿ, ಎಲ್ಲವೂ ಆಗಿದ್ದ.

ನಮ್ಮ ಶಾಲೆಯ ಹುಡುಗರಿಗೆ ಲಿಂಕನ್ ಗೊತ್ತು. ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದ ಅಂತ ಒಂದು ವಾಕ್ಯ ಪಾಠದಲ್ಲಿ ಬರುತ್ತದೆ, ಪರೀಕ್ಷೆಯಲ್ಲೂ ಬರುತ್ತದೆ. ಆ ಒಂದು ವಾಕ್ಯದಲ್ಲಿ ಗುಲಾಮರು ಏನು ಮಾಡುತ್ತಿದ್ದರು ಎಂಬುದು ಇಲ್ಲ. ಬಿಡುಗಡೆ ಆದ ಮರುದಿನ ಅವರು ಏನು ಮಾಡಿದರು ಎಂಬುದಂತೂ ಇಲ್ಲವೇ ಇಲ್ಲ. ಅದಕ್ಕಾಗಿ ಈ ಬರಹ.

1860ರಲ್ಲಿ ದಕ್ಷಿಣ ಕೆರೊಲಿನಾದ ಜನಸಂಖ್ಯೆ ಸುಮಾರು 7 ಲಕ್ಷ. ಅದರಲ್ಲಿ 4 ಲಕ್ಷಕ್ಕೂ ಮಿಕ್ಕಿ ಗುಲಾಮರು. ಅಂದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ಉಳಿದವರ ಆಸ್ತಿಪಟ್ಟಿಯಲ್ಲಿದ್ದರು, ಎತ್ತು, ಕುದುರೆ, ಮಂಚ, ಪೆಟ್ಟಿಗೆಗಳ ಜೊತೆಗೆ. ಸ್ಮಾಲ್ಸ್ ಹುಟ್ಟಿದ್ದು 1839ರ ಏಪ್ರಿಲ್ 5ರಂದು, ಬ್ಯೂಫರ್ಟ್‌ನ ಪ್ರಿನ್ಸ್ ಬೀದಿಯ ದೊಡ್ಡ ಮನೆಯ ಹಿತ್ತಲಿನ ಗುಡಿಸಲಿನಲ್ಲಿ. ತಾಯಿ ಲಿಡಿಯಾ ಆ ಮನೆಯ ಕೆಲಸದವಳು. ಮನೆ ಮೆಕ್‌ಕೀ ಎಂಬ ಧಣಿಗಳದು. ಮನೆಯೊಳಗಿನ ಗುಲಾಮರಿಗೆ ಹೊಲದ ಗುಲಾಮರಷ್ಟು ಏಟು ಬೀಳುತ್ತಿರಲಿಲ್ಲ. ಮಗ ಈ ಮೆತ್ತನೆಯ ಬದುಕನ್ನೇ ನಿಜ ಅಂದುಕೊಂಡಾನು ಅಂತ ಲಿಡಿಯಾ ಅವನನ್ನು ಕರೆದುಕೊಂಡು ಹೋಗಿ ಗುಲಾಮರನ್ನು ಕಂಬಕ್ಕೆ ಕಟ್ಟಿ ಹೊಡೆಯುವುದನ್ನು ತೋರಿಸಿದಳಂತೆ. ಅವಳು ಓದಿದವಳಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದು ಆ ರಾಜ್ಯದಲ್ಲಿ 1834ರ ಕಾನೂನಿನ ಪ್ರಕಾರ ಅಪರಾಧ. ಆದರೂ ಅವಳು ಕೊಟ್ಟದ್ದು ಮೊದಲ ಪಾಠ.

ಹನ್ನೆರಡನೆಯ ವಯಸ್ಸಿಗೆ ಅವನನ್ನು ಚಾರ್ಲ್‌ಸ್ಟನ್ ಪಟ್ಟಣಕ್ಕೆ ಬಾಡಿಗೆಗೆ ಕಳಿಸಿದರು. ಬಾಡಿಗೆ ಎತ್ತಿನ ಹಾಗೆ. ದುಡಿಯುವವನು ಇವನು, ಕೂಲಿ ಧಣಿಗೆ. ವಾರಕ್ಕೆ ಒಂದು ಡಾಲರ್ ಮಾತ್ರ ಇವನ ಕೈಗೆ. ಹೋಟೆಲಿನಲ್ಲಿ ಊಟ ಬಡಿಸಿದ, ಬೀದಿಯ ದೀಪ ಹಚ್ಚಿದ, ಆಮೇಲೆ ಹಡಗುಕಟ್ಟೆಗೆ ಬಂದ. ಮೂಟೆ ಹೊತ್ತ, ಹಾಯಿ ಹೊಲಿದ, ಕೊನೆಗೆ ಚುಕ್ಕಾಣಿ ಹಿಡಿದ. ಬಂದರಿನ ನೀರಿನ ಆಳ, ಮರಳದಿಬ್ಬ, ಸುಳಿ ಎಲ್ಲ ಅವನಿಗೆ ಬಾಯಿಪಾಠ. ಕೆಲಸ ಪೈಲಟ್‌ನದು. ಆದರೆ ಕರಿಯನನ್ನು ಪೈಲಟ್ ಅನ್ನುವಂತಿಲ್ಲ, 'ಚಕ್ರ ಹಿಡಿಯುವವನು' ಅನ್ನಬೇಕು. ಕೆಲಸ ಬೇಕು, ಹೆಸರು ಕೊಡಬಾರದು. ಈ ಜಾಣತನ ನಮಗೇನೂ ಹೊಸದಲ್ಲ.

1856ರಲ್ಲಿ ಹೋಟೆಲಿನ ಕೆಲಸದವಳಾಗಿದ್ದ ಹಾನಾ ಜೋನ್ಸ್ ಎಂಬವಳನ್ನು ಮದುವೆಯಾದ. ಅವಳೂ ಗುಲಾಮಳೇ, ಬೇರೊಬ್ಬ ಧಣಿಯ ಆಸ್ತಿ. ಮಗಳು ಹುಟ್ಟಿದಳು. ಹುಟ್ಟಿದ ಕೂಸು ಕಾನೂನಿನ ಪ್ರಕಾರ ಅಪ್ಪನದೂ ಅಲ್ಲ, ಅವ್ವನದೂ ಅಲ್ಲ, ಅವ್ವನ ಧಣಿಯದು. ನಾಳೆ ಅವನು ಮಾರಿದರೆ ಕೇಳುವ ಹಾಗಿಲ್ಲ. ಸ್ಮಾಲ್ಸ್ ಹೋಗಿ ಹೆಂಡತಿ ಮಗಳ ಬೆಲೆ ಕೇಳಿದ. 800 ಡಾಲರ್. ತಿಂಗಳಿಗೆ ಹದಿನೈದು ಡಾಲರ್ ತನ್ನ ಧಣಿಗೆ ಕಟ್ಟಿ ಮಿಕ್ಕದ್ದನ್ನು ಇಟ್ಟುಕೊಳ್ಳುವ ಕರಾರು ಮಾಡಿಕೊಂಡು ಸಣ್ಣಪುಟ್ಟ ವ್ಯಾಪಾರ ಶುರುಮಾಡಿದ, ಕಾಸು ಕೂಡಿಟ್ಟ. ಮುಂದೆ ವ್ಯಾಪಾರಸ್ಥನಾದವನ ಮೊದಲ ವ್ಯಾಪಾರ ಇದು: ತನ್ನ ಹೆಂಡತಿಯನ್ನೂ ಮಗಳನ್ನೂ ಕೊಂಡುಕೊಳ್ಳುವುದು.

1861ರಲ್ಲಿ ಯುದ್ಧ ಬಂತು. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಬೇರೆಯಾದವು, ಉತ್ತರದ ಸರ್ಕಾರದ ಮೇಲೆ ಬಿದ್ದವು. 'ಪ್ಲಾಂಟರ್' ಎಂಬ ಹತ್ತಿ ಸಾಗಿಸುವ ಉಗಿಹಡಗನ್ನು ದಕ್ಷಿಣದ ಸೈನ್ಯ ಬಾಡಿಗೆಗೆ ಹಿಡಿದು ಮದ್ದುಗುಂಡು ಹೊರಿಸತೊಡಗಿತು. ಅದರ ಚುಕ್ಕಾಣಿ ಸ್ಮಾಲ್ಸ್‌ನ ಕೈಲಿ.

1862ರ ಮೇ 12ರ ರಾತ್ರಿ ಹಡಗಿನ ಮೂವರು ಬಿಳಿ ಅಧಿಕಾರಿಗಳು ನಿಯಮ ಮುರಿದು ದಡಕ್ಕೆ ಹೋದರು. ಹಡಗಿನ ಮೇಲೆ ಉಳಿದವರು ಗುಲಾಮರು ಮಾತ್ರ. ಮುಂಜಾನೆ ಮೂರರ ಸುಮಾರಿಗೆ ಉಗಿ ಎಬ್ಬಿಸಿದರು. ಸ್ಮಾಲ್ಸ್ ಕ್ಯಾಪ್ಟನ್ನನ ಹುಲ್ಲಿನ ಹ್ಯಾಟು ಹಾಕಿಕೊಂಡು, ಅವನ ಹಾಗೇ ಕೈಕಟ್ಟಿ ನಿಂತ. ಇನ್ನೊಂದು ಕಟ್ಟೆಯಲ್ಲಿ ಅಡಗಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡರು. ಒಟ್ಟು ಹದಿನಾರು ಜನ. ಸಿಕ್ಕಿಬಿದ್ದರೆ ಹಡಗನ್ನು ಮುಳುಗಿಸುವುದು, ಅದೂ ಆಗದಿದ್ದರೆ ಎಲ್ಲರೂ ಕೈ ಕೈ ಹಿಡಿದು ನೀರಿಗೆ ಹಾರುವುದು ಅಂತ ಮಾತಾಗಿತ್ತು. ದಾರಿಯಲ್ಲಿ ಕೋಟೆಗಳಿದ್ದವು. ಪ್ರತಿ ಕೋಟೆಗೂ ಸರಿಯಾದ ಸೀಟಿ ಊದಬೇಕು. ದೊಡ್ಡದು ಸಮ್ಟರ್ ಕೋಟೆ. ಅದರ ಫಿರಂಗಿಯ ಕೆಳಗೇ ಹಾಯಬೇಕು. ಉದ್ದನೆಯ ಎರಡು, ಗಿಡ್ಡ ಒಂದು. ಸ್ಮಾಲ್ಸ್ ಊದಿದ. ಕೋಟೆಯವರು ಹೋಗು ಅಂದರು. ಗುಂಡು ತಲುಪದಷ್ಟು ದೂರ ಹೋದ ಮೇಲೆ ಹಡಗು ತಿರುಗಿದ ದಿಕ್ಕು ನೋಡಿ ಅವರಿಗೆ ಅರ್ಥವಾಯಿತು. ಅತ್ತ ಉತ್ತರದವರ 'ಆನ್‌ವರ್ಡ್' ಎಂಬ ಯುದ್ಧನೌಕೆ ಇದನ್ನು ಶತ್ರುವೆಂದು ತಿಳಿದು ಫಿರಂಗಿ ತಿರುಗಿಸುವಷ್ಟರಲ್ಲಿ ಇವರ ಕಂಬದ ಮೇಲೆ ಒಂದು ಬಿಳಿ ಹಾಸಿಗೆಬಟ್ಟೆ ಹಾರಾಡುತ್ತಿತ್ತು.

ಹಡಗಿನ ಜೊತೆ ಫಿರಂಗಿಗಳು, ಸಂಕೇತದ ಪುಸ್ತಕ, ಬಂದರಿನಲ್ಲಿ ಸಿಡಿಗುಂಡು ಎಲ್ಲೆಲ್ಲಿ ಹುಗಿದಿದೆ ಎಂಬ ತಿಳಿವು, ಎಲ್ಲ ಉತ್ತರದವರ ಕೈಸೇರಿತು. ಹಡಗಿಗೆ ಬೆಲೆ ಕಟ್ಟಿ ಅರ್ಧವನ್ನು ಇವರಿಗೆ ಹಂಚಬೇಕೆಂದು ಕಾನೂನಾಯಿತು. ಬೆಲೆಯನ್ನು ತೀರಾ ಕಡಿಮೆ ಕಟ್ಟಿದರು, ಸ್ಮಾಲ್ಸ್‌ಗೆ 1,500 ಡಾಲರ್ ಬಂತು. ಮಿಕ್ಕದ್ದಕ್ಕಾಗಿ ಅವನು ಕಾದದ್ದು ಬಹಳ ಕಾಲ. 1900ರಲ್ಲಿ ಮತ್ತಷ್ಟು ಹಣ ಕೊಟ್ಟು ಸರ್ಕಾರ ಕೈತೊಳೆದುಕೊಂಡಿತು.

ಈ ಓಟದ ಕಥೆ ಎಲ್ಲರಿಗೂ ಇಷ್ಟ, ಇದರಲ್ಲಿ ಸಾಹಸ ಇದೆ. ಅದಕ್ಕೇ ಸ್ಮಾಲ್ಸ್‌ನನ್ನು ನೆನೆಯುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಮಗೆ ಬೇಕಾದ್ದು ಇದರ ಮುಂದಿನದು. ಆ ಬೇಸಿಗೆಯಲ್ಲಿ ಅವನು ಪಾದ್ರಿಯೊಬ್ಬನ ಜೊತೆ ವಾಷಿಂಗ್ಟನ್ನಿಗೆ ಹೋಗಿ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಿ ಅಂತ ಕೇಳಿದ. ಆಗಸ್ಟ್ ಕೊನೆಗೆ ಐದು ಸಾವಿರ ಜನರನ್ನು ಸೇರಿಸಿಕೊಳ್ಳಲು ಯುದ್ಧಮಂತ್ರಿಯ ಆಜ್ಞೆ ಬಂತು. ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ತಾರೀಖುಗಳನ್ನು ಮೇಷ್ಟ್ರುಗಳು ಹಲಗೆಯ ಮೇಲೆ ಬರೆದು ತೋರಿಸಬೇಕು.

ಯುದ್ಧ ನಡೆಯುತ್ತಿರುವಾಗಲೇ ಬ್ಯೂಫರ್ಟ್‌ನಲ್ಲಿ ಇನ್ನೊಂದು ಘಟನೆ. 1861ರ ನವೆಂಬರಿನಲ್ಲೇ ಉತ್ತರದ ನೌಕಾಪಡೆ ಬಂದಾಗ ಅಲ್ಲಿನ ಧಣಿಗಳು ಊರು ಬಿಟ್ಟು ಓಡಿದ್ದರು, ಗುಲಾಮರು ಉಳಿದಿದ್ದರು. ತೆರಿಗೆ ಕಟ್ಟದ ಧಣಿಗಳ ಜಮೀನು ಮನೆಗಳನ್ನು ಸರ್ಕಾರ ಹರಾಜು ಹಾಕಿತು. ಪ್ರಿನ್ಸ್ ಬೀದಿಯ ಮೆಕ್‌ಕೀ ಮನೆ ಹರಾಜಿಗೆ ಬಂತು. ಅದನ್ನು ಕೂಗಿ ಕೊಂಡವನು ಹಿತ್ತಲಲ್ಲಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್. ಮುಂದೆ ಹಳೇ ಧಣಿಯ ಕಡೆಯ ಹಕ್ಕು ಹಿಡಿದು ಡಿ ಟ್ರೆವಿಲ್ ಎಂಬಾತ ದಾವೆ ಹೂಡಿದ. ದಾವೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1878ರಲ್ಲಿ ಸ್ಮಾಲ್ಸ್ ಪರವಾಗಿ ತೀರ್ಪಾಯಿತು. ಅವನೊಬ್ಬನ ಮನೆಯ ಮಾತಲ್ಲ ಇದು. ಅದೇ ಹರಾಜುಗಳಲ್ಲಿ ತುಂಡು ತುಂಡು ನೆಲ ಕೊಂಡಿದ್ದ ಕಪ್ಪು ರೈತರ ಹಕ್ಕುಪತ್ರಗಳಿಗೂ ಆ ತೀರ್ಪು ಆಸರೆಯಾಯಿತು. ಮುದಿ ಯಜಮಾನಿ ಬುದ್ಧಿ ಕದಡಿ ಇದು ನನ್ನ ಮನೆ ಅಂತ ಬಂದಾಗ ಸ್ಮಾಲ್ಸ್ ಅವಳನ್ನು ಒಳಗೆ ಕರೆದು ಅವಳ ಹಳೇ ಕೋಣೆಯನ್ನೇ ಬಿಟ್ಟುಕೊಟ್ಟ ಎಂಬ ಕಥೆಯೂ ಇದೆ. ಇದನ್ನು ಕ್ಷಮೆಯ ಪಾಠವೆಂದು ಓದಿಸುತ್ತಾರೆ. ಇರಬಹುದು. ನಮಗೆ ಕಾಣುವುದು, ಮನೆಯ ಪತ್ರ ಕೈಲಿದ್ದವನಿಗೆ ಮಾತ್ರ ಕ್ಷಮಿಸುವ ಅನುಕೂಲ ಇರುತ್ತದೆ ಅಂತ.

ಓದು ಬರಹ ಕಲಿತದ್ದು ಆಗಲೇ, 1864ರಲ್ಲಿ. ಹಡಗಿನ ರಿಪೇರಿಗೆಂದು ಫಿಲಡೆಲ್ಫಿಯಾದಲ್ಲಿದ್ದಾಗ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ಇಪ್ಪತ್ತೈದರ ವಯಸ್ಸಿನಲ್ಲಿ ಅಕ್ಷರ ತಿದ್ದಿದ. ಅಲ್ಲೇ ಕುದುರೆ ಟ್ರಾಮಿನಲ್ಲಿ ಕೂತಿದ್ದವನನ್ನು ಎದ್ದು ಹೊರಗೆ ನಿಲ್ಲು ಅಂದರು. ಅವನು ಇಳಿದು ನಡೆದುಹೋದ. ಉತ್ತರವೂ ಅಷ್ಟೇನು ಸಾಚಾ ಅಲ್ಲ. ಈ ಅವಮಾನ ದೊಡ್ಡ ಗಲಾಟೆಯಾಗಿ, ಹೋರಾಟ ಬೆಳೆದು, 1867ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಟ್ರಾಮಿನ ಭೇದವನ್ನು ಕಾನೂನಿನಿಂದ ತೆಗೆಯಬೇಕಾಯಿತು.

ಈಗ ಶಾಸನಸಭೆಗೆ ಬರೋಣ. ಕಪ್ಪು ಗಂಡಸರಿಗೆ ಓಟು ಬಂದ ಮೇಲೆ 1868ರ ಜನವರಿಯಲ್ಲಿ ಹೊಸ ರಾಜ್ಯಾಂಗ ಬರೆಯಲು ಚಾರ್ಲ್‌ಸ್ಟನ್ನಿನಲ್ಲಿ ಸಭೆ ಕೂಡಿತು. 124 ಪ್ರತಿನಿಧಿಗಳು, ಅದರಲ್ಲಿ 76 ಜನ ಕರಿಯರು. ಅವರಲ್ಲಿ ಬಹಳ ಮಂದಿ ಮೂರು ವರ್ಷದ ಹಿಂದೆ ಯಾರದೋ ಆಸ್ತಿಪಟ್ಟಿಯಲ್ಲಿದ್ದವರು. ಬ್ಯೂಫರ್ಟ್‌ನ ಪ್ರತಿನಿಧಿ ಸ್ಮಾಲ್ಸ್ ಎದ್ದು ಏನು ಕೇಳಿದ? ಎಲ್ಲ ಮಕ್ಕಳಿಗೂ ಸರ್ಕಾರದ ಖರ್ಚಿನಲ್ಲಿ ಕಡ್ಡಾಯ ಶಾಲೆ. ಅಕ್ಷರ ಕಲಿತು ನಾಲ್ಕು ವರ್ಷವಾಗಿತ್ತಷ್ಟೆ ಅವನಿಗೆ. ದಕ್ಷಿಣ ಕೆರೊಲಿನಾದಲ್ಲಿ ಅಲ್ಲಿಯವರೆಗೆ ಎಲ್ಲರಿಗೂ ತೆರೆದ ಸರ್ಕಾರಿ ಶಾಲೆಯ ವ್ಯವಸ್ಥೆಯೇ ಇರಲಿಲ್ಲ. ಧಣಿಗಳ ಮಕ್ಕಳಿಗೆ ಮನೆಗೆ ಮೇಷ್ಟ್ರು ಬರುತ್ತಿದ್ದರು, ಬಡ ಬಿಳಿಯರ ಮಕ್ಕಳಿಗೆ ಹೆಸರಿಗೊಂದು ಧರ್ಮದ ಶಾಲೆ. ಹೊಸ ರಾಜ್ಯಾಂಗ ಶಾಲೆಯ ಬಾಗಿಲನ್ನು ಬಣ್ಣ ನೋಡದೆ ತೆರೆಯಿತು. ಬಡ ಬಿಳಿಯ ಹುಡುಗನ ಕೈಗೆ ಸ್ಲೇಟು ಕೊಟ್ಟವರು ಈ 'ಬರಿಗಾಲಿನ' ಜನ. ಇದು ಸಿನಿಮಾದಲ್ಲಿ ಬರುವುದಿಲ್ಲ.

ಅದೇ ವರ್ಷ ಸ್ಮಾಲ್ಸ್ ರಾಜ್ಯದ ಕೆಳಮನೆಗೆ ಆಯ್ಕೆಯಾದ, 1870ರಲ್ಲಿ ಸೆನೆಟ್ಟಿಗೆ. ಆ ಕೆಳಮನೆಯಲ್ಲಿ ಕಪ್ಪು ಸದಸ್ಯರದೇ ಬಹುಮತ. 1869ರಲ್ಲಿ ಭೂಮಿ ಆಯೋಗ ಮಾಡಿದರು. ಸರ್ಕಾರವೇ ನೆಲ ಕೊಂಡು ಭೂಹೀನರಿಗೆ ಕಂತಿನ ಮೇಲೆ ಕೊಡುವುದು. ಸಾವಿರಾರು ಕುಟುಂಬ ನೆಲ ಕಂಡವು. ಆಯೋಗದಲ್ಲಿ ತಿಂದವರೂ ಇದ್ದರು, ಹಾಳು ನೆಲವನ್ನು ದುಬಾರಿಗೆ ಸರ್ಕಾರಕ್ಕೆ ಹಚ್ಚಿದವರೂ ಇದ್ದರು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಇತ್ತ ಸ್ಮಾಲ್ಸ್ ವ್ಯಾಪಾರದಲ್ಲೂ ಮೇಲೆ ಬಂದ. ರಿಚರ್ಡ್ ಗ್ಲೀವ್ಸ್ ಎಂಬ ಗೆಳೆಯನ ಜೊತೆ ಬ್ಯೂಫರ್ಟ್‌ನಲ್ಲಿ ಅಂಗಡಿ ಹಾಕಿದ, ಗಿರಾಕಿಗಳು ಹೊಸದಾಗಿ ಬಿಡುಗಡೆಯಾದವರು. 1867ರಲ್ಲಿ ಕಪ್ಪು ಮಕ್ಕಳ ಶಾಲೆಗೆಂದು ಕಟ್ಟಡ ಕೊಳ್ಳುವುದರಲ್ಲಿ ಮುಂದಾದ. 1870ರಲ್ಲಿ ಚಾರ್ಲ್‌ಸ್ಟನ್ನಿನ ಹಡಗುಕಟ್ಟೆಯಿಂದ ರೈಲು ನಿಲ್ದಾಣಕ್ಕೆ ಸರಕು ಸಾಗಿಸಲು 'ಎಂಟರ್‌ಪ್ರೈಸ್ ರೈಲ್‌ರೋಡ್' ಎಂಬ ಕುದುರೆ ಎಳೆಯುವ ಹಳಿಗಾಡಿಯ ಕಂಪನಿ ಹುಟ್ಟಿತು. ಅದರ ನಿರ್ದೇಶಕರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಕರಿಯರು, ಬಹುಪಾಲು ರಾಜಕಾರಣಿಗಳು. ಸ್ಮಾಲ್ಸ್ ಅವರಲ್ಲೊಬ್ಬ. ಹೆಮ್ಮೆಪಡುವ ಸಂಗತಿಯೇ. ಆದರೆ ಒಂದು ಮಾತು ಕೇಳಬೇಕು. ಅಲ್ಲಿಯತನಕ ಆ ಕಟ್ಟೆಯಿಂದ ಸರಕನ್ನು ಗಾಡಿಯಲ್ಲಿ ಹೊಡೆದು ಹೊಟ್ಟೆ ಹೊರೆಯುತ್ತಿದ್ದವರಲ್ಲಿ ಬಹಳ ಮಂದಿ ಕರಿಯರೇ ಅಲ್ಲವೆ? ನಮ್ಮವನ ಕಂಪನಿ ಅಂದ ಮಾತ್ರಕ್ಕೆ ಅದು ನಮ್ಮ ಕಂಪನಿ ಆಗುತ್ತದೆಯೆ? 1872ರಿಂದ ಅವನು ಬ್ಯೂಫರ್ಟ್‌ನಲ್ಲಿ ಪತ್ರಿಕೆಯೊಂದನ್ನೂ ನಡೆಸಿದ.

ಇಲ್ಲೊಂದು ಕೊಂಡಿ ಹೇಳಿಬಿಡುತ್ತೇವೆ. ಸ್ಮಾಲ್ಸ್ ಸೆನೆಟ್ಟಿನಲ್ಲಿ ಕೂತಿದ್ದ ಆ 1873ರಲ್ಲೇ ಪುಣೆಯ ಜೋತಿಬಾ ಫುಲೆ 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಷ್ಟು ದೂರದ ಸುದ್ದಿಯನ್ನು ತಮ್ಮ ಜನರ ಸುದ್ದಿಯಾಗಿ ಓದಿದ ದೊಡ್ಡ ಕಣ್ಣು ಅದು. ಆ ಸಜ್ಜನರ ಸಾಲಿನಲ್ಲಿ ಸೀಟಿ ಊದಿ ಕೋಟೆ ದಾಟಿದವನೂ ಇದ್ದಾನೆ ಅಂತ ನಾವು ಸೇರಿಸಿ ಓದಿಕೊಳ್ಳಬೇಕು.

1875ರಲ್ಲಿ ಸ್ಮಾಲ್ಸ್ ದೇಶದ ಕಾಂಗ್ರೆಸ್ಸಿಗೆ ಹೋದ. 1876 ಚುನಾವಣೆಯ ವರ್ಷ, ರಕ್ತದ ವರ್ಷ. ಜುಲೈ 8ರಂದು ಹ್ಯಾಂಬರ್ಗ್ ಎಂಬ ಕರಿಯರ ಊರಿಗೆ ಬಿಳಿಯರ ಬಂದೂಕುಪಡೆ ನುಗ್ಗಿ ಆರು ಮಂದಿ ಕರಿಯರನ್ನು ಕೊಂದಿತು. ಅವರಲ್ಲಿ ಕೆಲವರು ಸೆರೆಸಿಕ್ಕ ಮೇಲೆ ಕೊಲೆಯಾದವರು. ಕಾಂಗ್ರೆಸ್ಸಿನಲ್ಲಿ ಸ್ಮಾಲ್ಸ್ ಅಲ್ಲಿಂದ ಬಂದ ಒಂದು ಪತ್ರ ಓದಿದ. ಬರೆದವನ ಹೆಸರು ಹೇಳು ಅಂತ ಎದುರಿನವರು ಕೇಳಿದರು. ಇನ್ನೊಬ್ಬ ಕರಿಯನನ್ನು ಕೊಲ್ಲುವುದಕ್ಕೆ ಹೆಸರು ಬೇಕಾಗಿದ್ದರೆ ಅದು ನನ್ನಿಂದ ಸಿಗದು ಅಂದ.

ಅದೇ ಬೇಸಿಗೆಯಲ್ಲಿ ಅವನ ಜಿಲ್ಲೆಯ ಕೊಂಬಾಹಿ ನದಿಯ ಭತ್ತದ ಗದ್ದೆಗಳಲ್ಲಿ ಕೂಲಿಕಾರರು ಮುಷ್ಕರ ಹೂಡಿದ್ದರು. ಧಣಿಗಳು ಕೂಲಿಯನ್ನು ದುಡ್ಡಿನಲ್ಲಿ ಕೊಡದೆ ಚೀಟಿಯಲ್ಲಿ ಕೊಡುತ್ತಿದ್ದರು. ಆ ಚೀಟಿ ಧಣಿಯ ಅಂಗಡಿಯಲ್ಲಷ್ಟೇ ನಡೆಯುತ್ತಿತ್ತು, ನಗದಾಗಬೇಕಾದರೆ 1880ರವರೆಗೆ ಕಾಯಬೇಕು. ಕೂಲಿಯವರು ಗುಂಪಾಗಿ ಗದ್ದೆಯಿಂದ ಗದ್ದೆಗೆ ಹೋಗಿ ಕೆಲಸ ನಿಲ್ಲಿಸಿದರು, ಮುರಿದವರನ್ನು ಹೊಡೆದರು. ಕಾಂಗ್ರೆಸ್ ಸದಸ್ಯ ಸ್ಮಾಲ್ಸ್ ಅಲ್ಲಿಗೆ ಹೋದ. ಬಂದೂಕು ಹಿಡಿದು ನಿಂತಿದ್ದವರು ಬಿಳಿಯರ ರೈಫಲ್ ಸಂಘದವರು, ಮುಷ್ಕರದವರ ಕೈಲಿದ್ದದ್ದು ದೊಣ್ಣೆ ಅಂತ ರಾಜ್ಯಪಾಲನಿಗೆ ಬರೆದ. ಕೂಲಿಯವರಿಗೆ, ಕೆಲಸ ನಿಲ್ಲಿಸುವ ಹಕ್ಕು ನಿಮಗಿದೆ, ಹೋಗುವವರನ್ನು ಹೊಡೆಯುವ ಹಕ್ಕಿಲ್ಲ ಅಂದ. ಮುಖಂಡರನ್ನು ಒಪ್ಪಿಸಿ ಬ್ಯೂಫರ್ಟ್‌ಗೆ ಶರಣಾಗಲು ಕಳಿಸಿದ, ಅಲ್ಲಿನ ನ್ಯಾಯಾಧಿಕಾರಿ ಅವರನ್ನು ಬಿಟ್ಟುಬಿಟ್ಟ. ಅಂಗಡಿ, ಮನೆ, ಕಂಪನಿ ಇದ್ದವನು ಕೂಲಿಯವರ ಜೊತೆ ಪೂರ್ತಿ ನಿಂತನೋ, ಅರ್ಧ ನಿಂತನೋ? ನಮ್ಮಲ್ಲಿ ಇದರ ಬಗ್ಗೆ ಜಗಳವಿದೆ. ಒಂದಂತೂ ಖಾತ್ರಿ. ಆ ದಿನ ಅಲ್ಲಿನ ಕಾಂಗ್ರೆಸ್ ಸದಸ್ಯ ಬೇರೆಯವನಾಗಿದ್ದರೆ ಮುಷ್ಕರದವರು ಎದುರಿಸುತ್ತಿದ್ದದ್ದು ರೈಫಲ್ಲುಗಳನ್ನು.

ಚುನಾವಣೆಯಲ್ಲಿ ಕೆಂಪಂಗಿ ತೊಟ್ಟ ಕುದುರೆ ಸವಾರರು ಓಟುದಾರರನ್ನು ಬೆದರಿಸಿದರು. 1877ರ ಏಪ್ರಿಲಿನಲ್ಲಿ ದೇಶದ ಸರ್ಕಾರ ಶಾಸನಸಭೆಯ ಮುಂದಿದ್ದ ತನ್ನ ಸೈನ್ಯವನ್ನು ಹಿಂದೆಗೆಯಿತು. ಹಳೇ ಧಣಿಗಳು ಒಳಗೆ ಬಂದರು. ಬಂದವರು ಮೊದಲು ಮಾಡಿದ ಕೆಲಸಗಳಲ್ಲೊಂದು ಕರಿಯ ಮುಖಂಡರ ಮೇಲೆ ಭ್ರಷ್ಟಾಚಾರದ ಮೊಕದ್ದಮೆ. ಸೆನೆಟರಾಗಿದ್ದಾಗ ಮುದ್ರಣದ ಗುತ್ತಿಗೆಯಲ್ಲಿ 5,000 ಡಾಲರ್ ಲಂಚ ತಿಂದ ಅಂತ ಸ್ಮಾಲ್ಸ್ ಮೇಲೆ ಆರೋಪ. ಮುಖ್ಯ ಸಾಕ್ಷಿ ಸೆನೆಟ್ಟಿನ ಕಾರ್ಯದರ್ಶಿಯಾಗಿದ್ದ ವುಡ್ರಫ್. ಮುದ್ರಣದ ಹಣ ನುಂಗಿ ಊರುಬಿಟ್ಟವನು, ನಿನಗೆ ಶಿಕ್ಷೆಯಿಲ್ಲ ಅಂತ ಮಾತುಕೊಟ್ಟು ಕರೆತಂದವನು. ಮೂರು ವರ್ಷ ಕಠಿಣ ಶಿಕ್ಷೆಯಾಯಿತು. ಮೂರು ದಿನ ಜೈಲು, ಆಮೇಲೆ ಜಾಮೀನು. 1879ರಲ್ಲಿ ರಾಜ್ಯಪಾಲ ಕ್ಷಮಾದಾನ ಕೊಟ್ಟ. ಅದೂ ಧರ್ಮಕ್ಕಲ್ಲ. ಚುನಾವಣೆಯಲ್ಲಿ ಅಕ್ರಮ ಮಾಡಿದ ಬಿಳಿಯರ ಮೇಲಿನ ಕೇಸುಗಳನ್ನು ಕೇಂದ್ರ ಕೈಬಿಟ್ಟದ್ದಕ್ಕೆ ಪ್ರತಿಯಾಗಿ. ಮುದ್ರಣದ ಗುತ್ತಿಗೆಯಲ್ಲಿ ಕಳ್ಳತನ ನಡೆದದ್ದು ನಿಜ, ಬಿಳಿಯ ಕರಿಯ ಇಬ್ಬರೂ ತಿಂದಿದ್ದರು. ಆದರೆ ಭ್ರಷ್ಟಾಚಾರ ಎಂಬ ಪದ ಯಾರ ಹಣೆಗೆ ಅಂಟಿತು ನೋಡಿ. ಮನುಷ್ಯರನ್ನೇ ಇನ್ನೂರು ವರ್ಷ ಕದ್ದವರನ್ನು ಯಾವ ಕೋರ್ಟೂ ಕರೆಯಲಿಲ್ಲ.

1878ರ ಪ್ರಚಾರದಲ್ಲಿ ಗಿಲಿಸನ್‌ವಿಲ್ ಎಂಬಲ್ಲಿ ಸ್ಮಾಲ್ಸ್ ಮತ್ತು ಸುಮಾರು ನಲವತ್ತು ಜನರನ್ನು ನೂರಾರು ಕೆಂಪಂಗಿಯವರು ಸುತ್ತಿದರು. ಇವರು ಒಂದು ಅಂಗಡಿಯೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಹೊರಗಿನಿಂದ ಗುಂಡು. ಸುದ್ದಿ ಹಬ್ಬಿ ಸುತ್ತಲ ಹೊಲಗಳಿಂದ ಕಪ್ಪು ಜನ, ಹೆಂಗಸರೂ ಕೂಡ, ಕೊಡಲಿ ಗುದ್ದಲಿ ಕೋವಿ ಹಿಡಿದು ಬಂದರು. ಕೆಂಪಂಗಿಯವರು ಜಾಗ ಖಾಲಿ ಮಾಡಿದರು. ಅವನ ಕುರ್ಚಿ ನಿಂತಿದ್ದದ್ದು ಈ ಗುದ್ದಲಿಗಳ ಮೇಲೆ. ಅವನ ಅಂಗಡಿ, ಕಂಪನಿ ಅವನನ್ನು ಉಳಿಸಲಿಲ್ಲ. ಆದರೂ ಆ ಚುನಾವಣೆ ಸೋತ. ಆಮೇಲೆ 1887ರವರೆಗೆ ಬಿಟ್ಟು ಬಿಟ್ಟು ಕಾಂಗ್ರೆಸ್ಸಿನಲ್ಲಿದ್ದ, 1889ರಲ್ಲಿ ಬ್ಯೂಫರ್ಟ್ ಬಂದರಿನ ಸುಂಕದ ಅಧಿಕಾರಿಯಾದ.

1895ರಲ್ಲಿ ಕೊಲಂಬಿಯಾದಲ್ಲಿ ಮತ್ತೊಂದು ರಾಜ್ಯಾಂಗ ಸಭೆ. ಬೆನ್ ಟಿಲ್ಮನ್ ಎಂಬ ಸೆನೆಟರ್ ಕರೆಸಿದ್ದು, ಕರಿಯರ ಓಟು ಕಿತ್ತುಕೊಳ್ಳುವುದಕ್ಕೇ ಅಂತ ಬಾಯಿಬಿಟ್ಟು ಹೇಳಿಯೇ. 160 ಸದಸ್ಯರಲ್ಲಿ ಕರಿಯರು ಆರು. ಅವರಲ್ಲಿ ಐವರು ಬ್ಯೂಫರ್ಟ್‌ನವರು. ಓಟಿಗೆ ಓದುಬರಹ ಗೊತ್ತಿರಬೇಕು, ಇಲ್ಲ 300 ಡಾಲರಿನ ಆಸ್ತಿ ಇರಬೇಕು. ಮೊದಲ ಎರಡು ವರ್ಷ, ರಾಜ್ಯಾಂಗದ ಒಂದು ಕಲಮನ್ನು ಓದಿ ಹೇಳಿದರೆ 'ಅರ್ಥವಾಯಿತು' ಅನ್ನುವವನಿಗೂ ಓಟು. ಅರ್ಥವಾಯಿತೋ ಇಲ್ಲವೋ ತೀರ್ಮಾನಿಸುವವನು ಬಿಳಿ ಅಧಿಕಾರಿ. ಇದನ್ನು ಬಿಡಿಸಿ ಹೇಳುವ ಅಗತ್ಯ ನಮ್ಮ ಓದುಗರಿಗಿಲ್ಲ.

ಬಿಳಿಯ ಕರಿಯ ಮದುವೆ ನಿಷೇಧದ ಕಲಮು ಚರ್ಚೆಗೆ ಬಂದಾಗ ಸ್ಮಾಲ್ಸ್ ಒಂದು ತಿದ್ದುಪಡಿ ತಂದ. ಕಪ್ಪು ಹೆಂಗಸನ್ನು ಕೂಡಿಕೊಂಡ ಬಿಳಿಯ ಯಾರೇ ಇರಲಿ, ಅವನಿಗೆ ಸರ್ಕಾರಿ ಹುದ್ದೆ ಸಿಗಬಾರದು, ಹುಟ್ಟಿದ ಮಗುವಿಗೆ ಅಪ್ಪನ ಹೆಸರೂ ಆಸ್ತಿಯ ಪಾಲೂ ಸಿಗಬೇಕು. ಇಡೀ ಸಭೆಗೆ ಇರಿಸುಮುರಿಸು. ತಿದ್ದುಪಡಿ ಬಿದ್ದುಹೋಯಿತು. ಆದರೆ ಅಲ್ಲಿದ್ದವರ ಅಪ್ಪ ತಾತಂದಿರ ಹಿತ್ತಲುಗಳೆಲ್ಲ ಒಂದು ಕ್ಷಣ ಸಭೆಯೊಳಗೆ ಬಂದು ನಿಂತವು. ಹೊಸ ರಾಜ್ಯಾಂಗ ಬಿಳಿ ಕರಿ ಮಕ್ಕಳು ಒಂದೇ ಶಾಲೆಯಲ್ಲಿ ಕೂಡುವುದನ್ನೂ ನಿಷೇಧಿಸಿತು, 1868ರ ಬಾಗಿಲನ್ನು ಮುಚ್ಚಿತು. ಸ್ಮಾಲ್ಸ್ ಸಹಿ ಹಾಕಲಿಲ್ಲ. ಸಹಿ ಹಾಕದವರಿಗೆ ಊರಿಗೆ ಹೋಗುವ ಖರ್ಚು ಕೊಡುವುದಿಲ್ಲ ಅಂದರು. ಸಹಿ ಹಾಕುವುದಕ್ಕಿಂತ ನಡೆದೇ ಹೋಗುತ್ತೇನೆ ಅಂದ. ಬ್ಯೂಫರ್ಟ್ ನೂರು ಮೈಲಿಗಿಂತ ದೂರ.

1913ರಲ್ಲಿ ಅವನ ಸುಂಕದ ಹುದ್ದೆಯೂ ಹೋಯಿತು. ಅಧ್ಯಕ್ಷನಾಗಿ ಬಂದಿದ್ದವನು ಅದೇ ವುಡ್ರೊ ವಿಲ್ಸನ್. ಎರಡು ವರ್ಷಕ್ಕೆ ಆ ಸಿನಿಮಾ. ಮುಂದಿನ ಇಪ್ಪತ್ತು ವರ್ಷ ವಿಶ್ವವಿದ್ಯಾಲಯದ ಪ್ರೊಫೆಸರುಗಳ ಪುಸ್ತಕಗಳೂ ಸಿನಿಮಾದ ಮಾತನ್ನೇ ಆಡಿದವು. ಅದಕ್ಕೆ ಅಂಕಿ ಅಂಶ ಇಟ್ಟು ಉತ್ತರ ಕೊಟ್ಟದ್ದು ಡು ಬಾಯ್ಸ್ ಎಂಬ ಕಪ್ಪು ವಿದ್ವಾಂಸ, 1935ರಲ್ಲಿ, 'ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್' ಎಂಬ ದಪ್ಪ ಪುಸ್ತಕದಲ್ಲಿ. 1946ರಲ್ಲಿ ಅಂಬೇಡ್ಕರ್ ಕಾಗದ ಬರೆದದ್ದು ಈ ಡು ಬಾಯ್ಸ್‌ಗೇ.

ಕೊಲಂಬಿಯಾದ ಶಾಸನಸಭೆಯ ಅಂಗಳದಲ್ಲಿ 1940ರಲ್ಲಿ ಬೆನ್ ಟಿಲ್ಮನ್‌ನ ಪ್ರತಿಮೆ ನಿಲ್ಲಿಸಿದರು. ಅದೇ ಅಂಗಳದಲ್ಲಿ ರಾಬರ್ಟ್ ಸ್ಮಾಲ್ಸ್‌ನ ಪ್ರತಿಮೆಯನ್ನೂ ನಿಲ್ಲಿಸಬೇಕೆಂಬ ಕಾನೂನು ಪಾಸಾದದ್ದು 2024ರಲ್ಲಿ.